ಗೇರ್ ಇಳಿಸಲು ಕಲಿತ ಬಳೆಗಾರ

"ಬುದ್ಧೀ, ಕೋಪ ಇಳಿದ ಮೇಲೂ ಮನೆಯವರು ಯಾಕೆ ಹೆದರುತ್ತಾರೆ?"

ಕೇಳಿದವನು ಗುರುಮಲ್ಲಪ್ಪ. ಹೈಸ್ಕೂಲೊಂದರ ಮುಖ್ಯೋಪಾಧ್ಯಾಯ. ಮಠಕ್ಕೆ ನಡೆದುಕೊಳ್ಳುವ ಮನೆತನದವನು. ಮನಸ್ಸಿಗೆ ಏನಾದರೂ ಕಿರಿಕಿರಿಯಾದರೆ ಗುರುಗಳ ಮುಂದೆ ಬಂದು ಕೂರುತ್ತಿದ್ದ. ಅವತ್ತು ಹೆಂಡತಿ ದಾಕ್ಷಾಯಿಣಿಯೂ ಜೊತೆಗೆ ಬಂದಿದ್ದಳು. ಅವಳು ಜಗಲಿಯ ಕಂಬದ ಬಳಿ ಕೂತು ಮಠದ ಅಡುಗೆಗೆ ಅವರೆಕಾಯಿ ಸುಲಿಯುತ್ತಿದ್ದಳು.

"ನನಗೆ ಮೊದಲು ಎಂಥ ಕೋಪ ಇತ್ತು ಅಂತ ನಿಮಗೆ ಗೊತ್ತು" ಎಂದ ಗುರುಮಲ್ಲಪ್ಪ. "ಒಂದು ಸಲ ಏರಿದರೆ ಎರಡು ದಿನ ಇಳಿಯುತ್ತಿರಲಿಲ್ಲ. ನೀವು ಬುದ್ಧಿ ಹೇಳಿದಿರಿ. ಕಷ್ಟಪಟ್ಟು ಹಿಡಿತಕ್ಕೆ ತಂದುಕೊಂಡೆ. ಈಗ ಬಂದ ಕೋಪ ಬಂದ ಹಾಗೇ ಇಳಿದುಹೋಗುತ್ತದೆ. ಕೂಗಾಡುತ್ತಿದ್ದವನು ಮರುಗಳಿಗೆಯಲ್ಲೇ ನಗುತ್ತೇನೆ, ತಮಾಷೆ ಮಾಡುತ್ತೇನೆ. ಆದರೂ ಇವಳು ಕಲ್ಲಿನ ಹಾಗೆ ಕೂತಿರುತ್ತಾಳೆ. ಮೊನ್ನೆ ನಾನು ನಕ್ಕರೆ ಮಗ ನಗಲಿಲ್ಲ. ಇದು ನಿಜವಾದ ನಗುವೋ ಅಲ್ಲವೋ ಅನ್ನುವ ಹಾಗೆ ನನ್ನ ಮುಖ ನೋಡಿದ. ಇನ್ನು ನಾನು ಏನು ಮಾಡಬೇಕು ಹೇಳಿ."

ಅವನ ಮಾತಿನಲ್ಲಿ ನೋವಿತ್ತು. ನೋವಿಗಿಂತ ದೂರು ಹೆಚ್ಚಾಗಿತ್ತು. ಇಷ್ಟು ದೂರ ಬಂದಿದ್ದೇನೆ, ಯಾರೂ ಒಂದು ಒಳ್ಳೆಯ ಮಾತು ಹೇಳುತ್ತಿಲ್ಲವಲ್ಲ ಎಂಬ ದೂರು.

ಗುರುಗಳು ಅವನ ಕಡೆ ತಿರುಗಿ, "ನಿನಗೆ ಮೋಟಾರು ಸೈಕಲ್ ಬಿಡೋಕೆ ಬರುತ್ತೇನಯ್ಯ?" ಎಂದು ಕೇಳಿದರು.

"ಬರುತ್ತೆ ಬುದ್ಧಿ. ಈಗ ಬಂದದ್ದೂ ಅದರ ಮೇಲೇ, ಇಬ್ಬರೂ."

"ನಿಧಾನ ಮಾಡಬೇಕಾದಾಗ ಗೇರ್ ಹೇಗೆ ಇಳಿಸುತ್ತೀಯ?"

ಗುರುಮಲ್ಲಪ್ಪನಿಗೆ ನಗು ಬಂತು. "ಅದನ್ನು ಯಾರು ಗಮನಿಸುತ್ತಾರೆ ಬುದ್ಧಿ? ಇಳಿಸುತ್ತೇನೆ, ಇಳಿಯುತ್ತೆ."

"ಹಾಗಾದರೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಅವನದು ಬಲು ಹದವಾದ ಕೈ. ಸುತ್ತಲ ಊರುಗಳ ಹೆಣ್ಣುಮಕ್ಕಳು ಬಳೆ ತೊಡಬೇಕಾದರೆ ಅವನೇ ಬರಲಿ ಎಂದು ಕಾಯುತ್ತಿದ್ದರು. ಗಾಜಿನ ಬಳೆಯನ್ನು ಬೆರಳು ದಾಟಿಸುವುದು ಯಾರಿಗಾದರೂ ಬರುತ್ತದೆ. ಹೆಬ್ಬೆರಳಿನ ಬುಡದಲ್ಲಿ ಗೆಣ್ಣಿದೆಯಲ್ಲ, ಅಲ್ಲಿ ಬಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅವಸರ ಮಾಡಿದರೆ ಬಳೆಯೂ ಹೋಯಿತು, ಕೈಯೂ ಕುಯ್ದುಹೋಯಿತು. ಈ ಬಳೆಗಾರ ಅಲ್ಲಿಗೆ ಬಂದು ನಿಲ್ಲುತ್ತಿದ್ದ. ಹೆಣ್ಣುಮಗಳ ಕೈಯನ್ನು ಅಂಗೈಯಲ್ಲಿ ಮೆಲ್ಲಗೆ ಹಿಸುಕುತ್ತ, "ನೋಡವ್ವ, ನಿಮ್ಮ ಕರು ಹಗ್ಗ ಬಿಚ್ಚಿಕೊಂಡು ಹೊರಟಿತು" ಎಂದು ಏನೋ ಒಂದು ಹಸಿ ಸುಳ್ಳು ಹೇಳುತ್ತಿದ್ದ. ಅವಳು ಅತ್ತ ತಿರುಗುವಷ್ಟರಲ್ಲಿ ಕೈ ಸಡಿಲವಾಗುತ್ತಿತ್ತು. ಬಳೆ ತಾನಾಗಿ ಒಳಗಿಳಿಯುತ್ತಿತ್ತು. "ಅಯ್ಯೋ, ಆಗಿಹೋಯಿತೇ?" ಎಂದು ಅವಳೇ ಕೇಳಬೇಕು.

ಬಹಳ ಕಾಲ ಅವನು ಸೈಕಲ್ ತುಳಿದುಕೊಂಡೇ ವ್ಯಾಪಾರ ಮಾಡಿದ. ಆಮೇಲೆ ಮೋಟಾರು ಸೈಕಲ್ ಕೊಂಡ. ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಹೋಗತೊಡಗಿದ. ಯಾವ ಸೀರೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೆಂಗಸರು ಅವಳನ್ನೇ ಕೇಳುತ್ತಿದ್ದರು. ಅವನು ಮುಂದೆ, ಅವಳು ಹಿಂದೆ, ಇಬ್ಬರ ನಡುವೆ ಬಳೆಯ ಮರದ ಪೆಟ್ಟಿಗೆ.

ಗಾಡಿ ಬಿಡುವುದನ್ನು ಅವನು ಒಂದೇ ಬೆಳಗಿನಲ್ಲಿ ಕಲಿತ. ಕಲಿತದ್ದೆಲ್ಲ ಮುಂದಕ್ಕೆ ಹೋಗುವುದನ್ನು. ಗೇರ್ ಏರಿಸುವುದು ಚೆನ್ನಾಗಿ ಬಂತು. ಇಳಿಸುವುದನ್ನೂ ಕಲಿಯಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ತಿರುವು ಬರಲಿ, ರಸ್ತೆಯ ಉಬ್ಬು ಬರಲಿ, ದನ ಅಡ್ಡ ಬರಲಿ, ಕೊನೆಯವರೆಗೆ ನಾಲ್ಕನೇ ಗೇರಿನಲ್ಲೇ ಹೋಗುವನು. ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಕ್ಲಚ್ ಹಿಡಿದು, ಹಿಮ್ಮಡಿಯಿಂದ ಗೇರನ್ನು ಟಕಟಕನೆ ಮೆಟ್ಟಿ, ಕ್ಲಚ್ಚನ್ನು ಫಟ್ಟನೆ ಬಿಟ್ಟುಬಿಡುವನು. ಎಂಜಿನ್ ಅರಚಿಕೊಳ್ಳುತ್ತಿತ್ತು. ಹಿಂದಿನ ಗಾಲಿ ನೆಲ ಕಚ್ಚಿಕೊಳ್ಳುತ್ತಿತ್ತು. ಗಾಡಿ ಜಗ್ಗಿ ನಿಧಾನವಾಗುತ್ತಿತ್ತು. "ನೋಡಿದೆಯಾ, ಹೇಗೆ ಹಿಡಿದೆ!" ಎಂದು ಹೆಂಡತಿಗೆ ಹೇಳಿ ಮೀಸೆಯಲ್ಲೇ ನಗುವನು.

ಅವನಿಗೆ ಏನೂ ಆಗುತ್ತಿರಲಿಲ್ಲ. ಎರಡು ಕೈಯಲ್ಲೂ ಹ್ಯಾಂಡಲ್ ಇತ್ತು. ಯಾವಾಗ ಜಗ್ಗುತ್ತದೆ ಎಂದು ಮೊದಲೇ ಗೊತ್ತಿತ್ತು, ಜಗ್ಗಿಸುವವನು ಅವನೇ ತಾನೇ. ಹಿಂದೆ ಕೂತವಳಿಗೆ ಗೊತ್ತಾಗುತ್ತಿದ್ದುದು ಆದ ಮೇಲೆ.

ಬಳೆಗಳು ಹಾಳಾಗತೊಡಗಿದವು. ಬಳೆ ಒಡೆಯಿತು ಎಂದು ಆ ಮನೆಯಲ್ಲಿ ಹೇಳುವಂತಿಲ್ಲ, ಅದು ಅಪಶಕುನ. ಹೆಚ್ಚಿತು ಎನ್ನಬೇಕು. ಸಂಜೆ ಮನೆಗೆ ಬಂದು ಹೆಂಡತಿ ಪೆಟ್ಟಿಗೆ ತೆರೆದು ಚೂರುಗಳನ್ನು ಆರಿಸುತ್ತ, "ಇವತ್ತೂ ಹೆಚ್ಚಿವೆ" ಎನ್ನುವಳು. ಬಳೆಗಾರ ಬಳೆ ಮಾಡಿದವರನ್ನು ಬೈದ. ರಸ್ತೆ ಮಾಡಿದವರನ್ನು ಬೈದ. ಬೈಯಲು ಬೇರೆ ಯಾರೂ ಉಳಿಯದಾಗ ಹೆಂಡತಿಯನ್ನು ಬೈದ.

ಹೀಗಿರುವಾಗ ಒಂದು ಮದುವೆಮನೆಯಿಂದ ಕರೆ ಬಂತು. ಮದುಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ಚಪ್ಪರದ ಕೆಳಗೆ ಹೆಂಗಸರೆಲ್ಲ ನೆರೆದಿದ್ದರು. ಹುಡುಗಿ ಕೈ ಚಾಚಿದಳು. ಬಳೆಗಾರ ಹಸಿರು ಬಳೆ ತೆಗೆದ. ನೋಡಲು ಚೆನ್ನಾಗಿಯೇ ಇತ್ತು. ಎಂದಿನ ಹಾಗೆ ಮೆಲ್ಲಗೆ ಗೆಣ್ಣು ದಾಟಿಸಿದ. ಮಣಿಕಟ್ಟಿಗೆ ಬರುವಷ್ಟರಲ್ಲಿ ಬಳೆ ಎರಡಾಗಿ ಕೈಗೆ ಬಂತು. ಎಲ್ಲೋ ಕಣ್ಣಿಗೆ ಕಾಣದ ಬಿರುಕು ಬಿಟ್ಟಿತ್ತು. ಇನ್ನೊಂದು ತೆಗೆದ. ಅದಕ್ಕೂ ಅದೇ ಗತಿ. ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳ ಅಜ್ಜಿ, "ಸಾಕು, ಎತ್ತಿಡಪ್ಪ" ಎಂದಳು.

ಬಳೆಗಾರ ಹೆಂಡತಿಯ ಕಡೆ ತಿರುಗಿದ. "ಒಂದು ಪೆಟ್ಟಿಗೆ ಹಿಡಿದುಕೊಂಡು ಕೂರೋ ಯೋಗ್ಯತೆ ಇಲ್ವೇನೇ ನಿನಗೆ?" ಎಂದು ಕೂಗಿದ.

ಚಪ್ಪರಕ್ಕೆಲ್ಲ ಕೇಳಿಸಿತು. ಅಡುಗೆ ಮಾಡುತ್ತಿದ್ದವರೂ ಸೌಟು ಹಿಡಿದುಕೊಂಡು ಇಣುಕಿ ನೋಡಿದರು. ಅವಳು ತಲೆ ಎತ್ತಲಿಲ್ಲ. ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು. ಹೊರಗೆ ಬರುವಷ್ಟರಲ್ಲಿ ಬಳೆಗಾರನ ಕೋಪ ಇಳಿದಿತ್ತು. "ಆಯಿತು ಬಿಡು, ಹೋಗಲಿ. ಬಾ, ಒಂದು ಟೀ ಕುಡಿಯೋಣ" ಎಂದು ನಗುತ್ತಲೇ ಕರೆದ. ಅವಳು ಬಂದಳು. ಟೀ ಕುಡಿದಳು.

ಗುರುಮಲ್ಲಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಅದರಲ್ಲಿ ತಪ್ಪೇನು ಬುದ್ಧೀ?" ಎಂದ. ದನಿ ಜೋರಾಗಿಯೇ ಬಂತು. "ಅಷ್ಟು ಜನರ ಎದುರು ಮಾನ ಹೋಗಿದೆ. ಒಂದು ಮಾತು ಬೈದಿದ್ದಾನೆ. ಮರುಗಳಿಗೆಯಲ್ಲೇ ಕರೆದು ಟೀ ಕುಡಿಸಲಿಲ್ಲವೇ?"

ಕಂಬದ ಬಳಿ ಅವರೆಕಾಯಿ ಸುಲಿಯುವುದು ನಿಂತಿತು. ಗುರುಗಳು ಒಂದು ಗಳಿಗೆ ಆ ಕಡೆ ನೋಡಿದರು.

"ಕುಡಿಸಿದ, ಪಾಪ. ಸಕ್ಕರೆ ಜಾಸ್ತಿ ಹಾಕಿಸಿಯೇ ಕುಡಿಸಿದ" ಎಂದರು. "ಮುಂದೆ ಕೇಳು."

ಸ್ವಲ್ಪ ದಿನಕ್ಕೆ ಬಳೆಗಾರ ಯಾರದೋ ಮನೆಯ ಮೆಟ್ಟಿಲಿಳಿಯುವಾಗ ಎಡಗಾಲು ಉಳುಕಿಸಿಕೊಂಡ. ಗೇರ್ ಮೆಟ್ಟುವ ಕಾಲು. ಪಾದ ಊದಿಕೊಂಡು ಚಪ್ಪಲಿಗೆ ಹಿಡಿಸದಾಯಿತು. ಗೌರಿ ಹಬ್ಬ ಹತ್ತಿರವಿತ್ತು. ಬಳೆಗಾರ ಮನೆಯಲ್ಲಿ ಕೂರುವ ಕಾಲವಲ್ಲ ಅದು. ಹೆಂಡತಿಯ ತಮ್ಮನನ್ನು ಕರೆಸಿದ. ಆ ಮೈದುನನಿಗೆ ಗಾಡಿ ಕಲಿಸಿದ್ದು ಈ ಬಳೆಗಾರನೇ. ಇನ್ನು ಕಾಲು ವಾಸಿಯಾಗುವವರೆಗೆ ಮೈದುನ ಮುಂದೆ, ಭಾವ ಹಿಂದೆ ಎಂದಾಯಿತು.

ಹೊರಡುವಾಗ ಹೆಂಡತಿ "ಸ್ವಲ್ಪ ತಾಳಿ" ಎಂದು ಒಳಗೆ ಹೋಗಿ, ಹಳೆಯ ಸೀರೆಯ ದಪ್ಪ ಮಡಿಕೆಯೊಂದನ್ನು ತಂದಳು. ಪೆಟ್ಟಿಗೆಯ ಹಿಂದಿನ ಮೂಲೆಗೆ ಅದನ್ನು ಕಟ್ಟಲು ಹೋದಳು. ದಿನವೂ ತಾನು ಕೂರುವಾಗ ಅವಳು ಅದನ್ನು ಕಟ್ಟಿಕೊಳ್ಳುತ್ತಿದ್ದಳು. ಬಳೆಗಾರ ಅದನ್ನು ನೋಡಿದ್ದ, ಯಾಕೆ ಎಂದು ಕೇಳಿರಲಿಲ್ಲ.

"ಬಳೆ ಇರೋದು ಒಳಗೆ. ಬಟ್ಟೆ ಹೊರಗೆ ಕಟ್ತೀಯಲ್ಲ, ಒಳ್ಳೆ ಜಾಣೆ ಕಣೇ ನೀನು!" ಎಂದು ಅವನು ನಕ್ಕ.

ಅವಳು ಬಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಊರು ದಾಟಿದ ಮೇಲೆ ಮೊದಲ ತಿರುವು ಬಂತು. ಮೈದುನ ಕೊನೆಯವರೆಗೆ ನಾಲ್ಕನೇ ಗೇರಿನಲ್ಲೇ ಹೋದ. ಆಮೇಲೆ ಟಕಟಕನೆ ಮೆಟ್ಟಿ ಕ್ಲಚ್ಚನ್ನು ಫಟ್ಟನೆ ಬಿಟ್ಟ. ಪೆಟ್ಟಿಗೆಯ ಮೂಲೆ ಬಳೆಗಾರನ ಎದೆಗೆ ಬಡಿಯಿತು. "ಅಯ್ಯೋ ಅವ್ವಾ!" ಎಂದು ಬಾಯಿಬಿಟ್ಟ. ಕಣ್ಣಲ್ಲಿ ನೀರು ಬಂತು. ಉಸಿರು ಸಿಕ್ಕಿದ ಮೇಲೆ ಸಿಟ್ಟು ಬಂತು.

"ಯಾವನೋ ನಿನಗೆ ಹೀಗೆ ಗಾಡಿ ಬಿಡೋದು ಕಲಿಸಿದ್ದು?"

"ನೀವೇ ಅಲ್ವಾ ಭಾವ" ಎಂದ ಮೈದುನ.

ಅವನು ಕುಹಕಕ್ಕೆ ಹೇಳಲಿಲ್ಲ. ಹೇಳಿದ್ದರೆ ಬಳೆಗಾರ ಜಗಳ ತೆಗೆದು ಹಗುರಾಗಿಬಿಡುತ್ತಿದ್ದ. ಅದೂ ಆಗಲಿಲ್ಲ. ಎದೆ ಉಜ್ಜಿಕೊಂಡ.

ಮುಂದಿನ ತಿರುವು ಇನ್ನೂ ದೂರವಿತ್ತು. ಆಗಲೇ ಅವನ ಕೈ ತಾನಾಗಿ ಹಿಂದಕ್ಕೆ ಹೋಗಿ ಸೀಟಿನ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡಿತು. ಹಿಡಿ ಎಂದು ಅವನು ಕೈಗೆ ಹೇಳಿರಲಿಲ್ಲ. ಹಿಡಿದ ಜಾಗ ನುಣ್ಣಗಿತ್ತು. ತಿರುಗಿ ನೋಡಿದ. ಕಂಬಿಯ ಬಣ್ಣವೆಲ್ಲ ಗಟ್ಟಿಯಾಗಿತ್ತು, ಅಷ್ಟು ಜಾಗದಲ್ಲಿ ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು. ಒಂದು ಕೈ ಹಿಡಿಯುವಷ್ಟು ಜಾಗ.

ಆಗ ಅವನಿಗೆ ನಾಚಿಕೆಯಾಯಿತು. ಸೀರೆಯ ಮಡಿಕೆ ಬಳೆಗಳಿಗಾಗಿ ಅಲ್ಲ ಎಂದು ಗೊತ್ತಾಯಿತು. ಹೆಂಡತಿ ಎಷ್ಟೋ ಸಂಜೆ ಒಂದು ಕಡೆ ವಾಲಿಕೊಂಡು ರೊಟ್ಟಿ ತಟ್ಟುತ್ತಿದ್ದುದು ನೆನಪಾಯಿತು. ಊರ ಹೆಣ್ಣುಮಕ್ಕಳ ಕೈಗೆಲ್ಲ ಒಂದು ಗೀರು ಬೀಳದ ಹಾಗೆ ಬಳೆ ತೊಡಿಸುವವನು ನಾನು, ನನ್ನ ಬೆನ್ನ ಹಿಂದೆ ಕೂತವಳ ಪಕ್ಕೆಗೆ ಇಷ್ಟು ವರ್ಷ ಪೆಟ್ಟಿಗೆಯ ಮೂಲೆ ಬಡಿಸಿದೆನಲ್ಲ ಎಂದು ಅವನಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಮದುವೆಮನೆಯಲ್ಲಿ ಅವಳು ಚೂರು ಆರಿಸುತ್ತಿದ್ದುದು ಕಣ್ಣ ಮುಂದೆ ಬಂತು. ಗಾಡಿಯಿಂದ ಇಳಿದು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು. ಉಳುಕಿದ ಕಾಲಿನಲ್ಲಿ ಎಲ್ಲಿಗೆ ಹೋಗುತ್ತಾನೆ?

ಕಾಲು ವಾಸಿಯಾದ ಕೂಡಲೇ ಅವನು ಹೆಂಡತಿಯನ್ನು ಕೂರಿಸಿಕೊಂಡು ಸಂತೆ ಮಾಳಕ್ಕೆ ಹೋದ. ಸಂತೆಯಿಲ್ಲದ ದಿನ ಅಲ್ಲಿ ನರಪಿಳ್ಳೆ ಇರುವುದಿಲ್ಲ. "ಗೇರ್ ಇಳಿಸೋದು ಕಲೀತೀನಿ. ಜಗ್ಗಿದಾಗ ಜಗ್ಗಿತು ಅಂತ ಹೇಳು" ಎಂದ. ಗೇರ್ ಇಳಿಸಿದ. ಅವಳ ತಲೆ ಬಂದು ಅವನ ಬೆನ್ನಿಗೆ ಬಡಿಯಿತು. "ಜಗ್ಗಿತಾ?" ಎಂದು ಕೇಳಿದ. "ಇಲ್ಲ, ಏನಾಗಲಿಲ್ಲ" ಎಂದಳು. ಮತ್ತೆ ಇಳಿಸಿದ. ಮತ್ತೆ ಅವಳು "ಏನಾಗಲಿಲ್ಲ, ಚೆನ್ನಾಗೇ ಇದೆ" ಎಂದಳು.

ಅವಳು ಸುಳ್ಳುಗಾತಿಯಲ್ಲ. ಅವನಿಗೆ ನಿಜ ಹೇಳಿ ಅವಳಿಗೆ ಅಭ್ಯಾಸ ತಪ್ಪಿಹೋಗಿತ್ತು. ಅದನ್ನು ಅರಿತು ಬಳೆಗಾರ ಇನ್ನಷ್ಟು ಕುಗ್ಗಿದ. ನಾನು ಯಾರನ್ನು ಕೇಳಿ ಕಲಿಯಲಿ, ಹೇಳಬೇಕಾದವಳ ಬಾಯನ್ನೇ ಕಟ್ಟಿಹಾಕಿದ್ದೇನೆ ಎಂದುಕೊಂಡ.

ಅವಳನ್ನು ಮನೆಗೆ ಬಿಟ್ಟು ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಬಳೆಗಳನ್ನು ಸಡಿಲವಾಗಿ ದಾರಕ್ಕೆ ಪೋಣಿಸಿ ಹಿಂದಿನ ಸೀಟಿಗೆ ಕಟ್ಟಿದ. ಗಾಜಿಗೆ ಗಂಡನ ಭಯವಿಲ್ಲ. ಸಮ ನೆಲದಲ್ಲಿ ಗುಜುಗುಜು ಎನ್ನುತ್ತಿತ್ತು, ಗಾಡಿ ಜಗ್ಗಿದ ಕೂಡಲೇ ಝಲ್ ಎಂದು ಹೇಳಿಬಿಡುತ್ತಿತ್ತು.

ಮೊದಲು ಗೇರ್ ಮುಟ್ಟದೆ ಕ್ಲಚ್ಚನ್ನೇ ಹಿಡಿದುಕೊಂಡು ಬ್ರೇಕನ್ನು ಮೆಲ್ಲಗೆ ಒತ್ತಿದ. ಗಾಡಿ ಲಗಾಮು ಬಿಟ್ಟ ಕುದುರೆಯ ಹಾಗೆ ಸುಮ್ಮನೆ ಉರುಳಿಕೊಂಡು ಹೋಯಿತು. ತಿರುವಿನಲ್ಲಿ ಬೀಳುವುದರಲ್ಲಿದ್ದ. ಅದಲ್ಲ ಎಂದು ಬಿಟ್ಟ. ಮೂರು ಗೇರನ್ನು ಒಟ್ಟಿಗೆ ಮೆಟ್ಟುವ ಬದಲು ಒಂದೊಂದಾಗಿ ಇಳಿಸಿ ನೋಡಿದ. ಝಲ್ ಎಂದಿತು, ಮೊದಲಿಗಿಂತ ಸಣ್ಣಗೆ. ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು ನೋಡಿದ. ಆಗಲೂ ಝಲ್. ದಿನಗಟ್ಟಲೆ ಇದೇ ಆಯಿತು. ಕುರಿ ಮೇಯಿಸುವವರು ನಿಂತು ನೋಡಿ, ಬಳೆಗಾರನಿಗೆ ಏನೋ ಆಗಿದೆ ಎಂದು ಮಾತಾಡಿಕೊಂಡರು.

ಒಂದು ಮಧ್ಯಾಹ್ನ ಬೇಸತ್ತು ಗಾಡಿ ನಿಲ್ಲಿಸಿ ತನ್ನ ಕೈಯನ್ನೇ ನೋಡಿಕೊಂಡು ಕೂತ. ಈ ಕೈಗೆ ಬಳೆ ತೊಡಿಸುವುದು ಗೊತ್ತು. ಗೆಣ್ಣಿನ ಹತ್ತಿರ ನಿಲ್ಲುವುದು ಗೊತ್ತು. ಕ್ಲಚ್ಚಿಗೂ ಒಂದು ಗೆಣ್ಣು ಇರಬೇಕಲ್ಲ ಎಂದು ಹೊಳೆಯಿತು. ಮತ್ತೆ ಹತ್ತಿದ. ಎಕ್ಸಲೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನವಾಗಲು ಬಿಟ್ಟ. ಕ್ಲಚ್ ಹಿಡಿದು ಒಂದೇ ಗೇರ್ ಇಳಿಸಿದ. ಕ್ಲಚ್ ಹಿಡಿದಿರುವಾಗಲೇ ಚೂರು ರೇಸ್ ಕೊಟ್ಟ, ಎಂಜಿನ್ ದನಿ ಗಾಲಿಯ ಓಟಕ್ಕೆ ಬಂದು ಸೇರಲಿ ಎಂದು. ಆಮೇಲೆ ಕ್ಲಚ್ಚನ್ನು ಬಿಡುತ್ತ ಬಂದು, ಅದು ಕಚ್ಚಿಕೊಳ್ಳುವ ಜಾಗದಲ್ಲಿ ಕೈ ನಿಲ್ಲಿಸಿದ. ಗೆಣ್ಣಿನ ಹತ್ತಿರ ಕಾಯುವ ಹಾಗೆಯೇ ಕಾದ. ಎಂಜಿನ್ ಒಪ್ಪಿಕೊಂಡಿತು. ಆಗ ಪೂರ್ತಿ ಬಿಟ್ಟ. ಮತ್ತೆ ಮುಂದಿನ ಗೇರಿಗೂ ಹಾಗೆಯೇ ಮಾಡಿದ.

ಬಳೆ ಝಲ್ ಎನ್ನಲಿಲ್ಲ. ಗುಜುಗುಜು ಎನ್ನುತ್ತಲೇ ಇತ್ತು. ಬಳೆಗಾರ ಮಾಳದ ನಡುವೆ ಒಬ್ಬನೇ ನಕ್ಕ. ಹಾಗೇ ಅಳುವೂ ಬಂತು. ಇಷ್ಟೇ ಆಗಿತ್ತೇ, ಇದನ್ನು ಮಾಡಲು ನನಗೆ ಇಷ್ಟು ವರ್ಷ ಬೇಕಾಯಿತೇ ಎಂದು.

ಗೌರಿ ಹಬ್ಬ ಬಂತು. ಆ ಮದುವೆಮನೆಯ ಹುಡುಗಿ ಮೊದಲ ಗೌರಿಗೆ ತವರಿಗೆ ಬಂದಿದ್ದಳು. ಅಜ್ಜಿ ಏನೆಂದುಕೊಂಡಳೋ, ಬಳೆಗಾರನಿಗೇ ಮತ್ತೆ ಹೇಳಿಕಳಿಸಿದಳು. ಈ ಸಲವಾದರೂ ಮಾನ ಉಳಿಸಿಕೊಳ್ಳಬೇಕು ಎಂದು ಅವನು ಪೆಟ್ಟಿಗೆ ಕಟ್ಟಿದ. ಹೆಂಡತಿ ಹಿಂದೆ ಹತ್ತಿದಳು. ಇವತ್ತು ಅವಳಿಗೂ ಗೊತ್ತಾಗುತ್ತದೆ ಎಂದು ಅವನಿಗೆ ಒಳಗೊಳಗೇ ಸಂಭ್ರಮ.

ಮೊದಲ ತಿರುವು ಬಂತು. ಎಲ್ಲ ಸರಿಯಾಗಿ ಮಾಡಿದ. ಗಾಡಿ ಹಾಲಿನ ಪಾತ್ರೆ ಹೊತ್ತವನ ಹಾಗೆ ಮೆಲ್ಲಗೆ ನಿಧಾನವಾಯಿತು. ಆದರೂ ಹಿಂದೆ ಝಲ್ ಎಂದಿತು.

ಎಲ್ಲಿ ತಪ್ಪಿದೆ ಎಂದು ಯೋಚಿಸಿದ. ಮುಂದಿನ ತಿರುವಿಗೆ ಇನ್ನೂ ಜೋಪಾನ ಮಾಡೋಣ ಎಂದು ಎದುರು ನೋಡುತ್ತಿದ್ದ. ತಿರುವು ಕಣ್ಣಿಗೆ ಬಿತ್ತು. ಅವನಿನ್ನೂ ಎಕ್ಸಲೇಟರ್ ಬಿಟ್ಟಿರಲಿಲ್ಲ, ಕ್ಲಚ್ ಮುಟ್ಟಿರಲಿಲ್ಲ. ಹಿಂದೆ ಮತ್ತೆ ಝಲ್ ಎಂದಿತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ತಿರುಗಿದ. ಅವಳ ಕೈ ಕಂಬಿಯ ಮೇಲಿತ್ತು, ಆ ಸವೆದ ಜಾಗದಲ್ಲಿಯೇ. ಅವಳ ಕೈಬಳೆಗಳು ಕಬ್ಬಿಣಕ್ಕೆ ತಾಗಿದ್ದವು. ಅವನು ಇಳಿದು ಪೆಟ್ಟಿಗೆ ತೆರೆಯಲು ಕೈ ಹಾಕಿದ, ಅಷ್ಟೇ. ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಪೆಟ್ಟಿಗೇನ ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ ಕಣ್ರೀ" ಎಂದಳು ಅವಳು. "ಆಣೆಗೂ ಬಿಟ್ಟಿರಲಿಲ್ಲ."

ಪೆಟ್ಟಿಗೆಯೊಳಗೆ ಬಳೆಗಳೆಲ್ಲ ನೆಟ್ಟಗಿದ್ದವು. ಬಳೆಗಾರನಿಗೆ ಅವಳ ಮುಖ ನೋಡಲಾಗಲಿಲ್ಲ. ಕಂಬಿ ಬಿಡೇ, ಇನ್ನು ಜಗ್ಗುವುದಿಲ್ಲ ಎಂದು ಹೇಳಲು ಹೊರಟ. ನಾಲಿಗೆ ಕಚ್ಚಿಕೊಂಡ. ಪೆಟ್ಟಿಗೆ ಹಿಡಿ ಎಂದು ಗದರಿದವನೂ ನಾನೇ, ಈಗ ಕಂಬಿ ಬಿಡು ಎಂದು ಅಪ್ಪಣೆ ಮಾಡುವವನೂ ನಾನೇ ಆಗಬೇಕೇ ಎಂದುಕೊಂಡ. ಸುಮ್ಮನೆ ಪೆಟ್ಟಿಗೆ ಮುಚ್ಚಿ ಗಾಡಿ ಹತ್ತಿದ.

ಆ ಮನೆಯಲ್ಲಿ ಹುಡುಗಿಗೆ ಬಳೆ ತೊಡಿಸಿದ. ಒಂದೂ ಹೆಚ್ಚಲಿಲ್ಲ. ಹುಡುಗಿ ಎರಡು ಕೈಯನ್ನೂ ಎತ್ತಿ ಆಡಿಸಿ ನಕ್ಕಳು. ಅಜ್ಜಿಗೆ ಕಣ್ತುಂಬಿ ಬಂತು. "ನಿನ್ನ ಕೈ ಬಲು ಮೆತ್ತಗೆ ಕಣಪ್ಪ. ನಿನ್ನ ಹೆಂಡತಿ ಪುಣ್ಯವಂತೆ" ಎಂದಳು.

ಬಳೆಗಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಅವನು ಎದ್ದು ನಿಂತ. ಅದೇ ಹೆಂಗಸರ ಎದುರು, "ಅವತ್ತು ಬಳೆ ಹಾಳು ಮಾಡಿದ್ದು ಇವಳಲ್ಲ ತಾಯಿ. ನಾನು. ಗಾಡಿ ಬಿಡೋಕೆ ನನಗೆ ಬರುತ್ತಿರಲಿಲ್ಲ. ಬೈಗುಳ ಮಾತ್ರ ಇವಳಿಗೆ ಬಿತ್ತು" ಎಂದ. ದನಿ ಒಡೆಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬಗ್ಗಿ ಪೆಟ್ಟಿಗೆ ಎತ್ತಿಕೊಂಡಳು.

ಇಬ್ಬರೂ ಮನೆಯ ದಾರಿ ಹಿಡಿದರು. ಅವನ ಎದೆ ಹಗುರಾಗಿತ್ತು. ಎಲ್ಲ ಹೇಳಿಯಾಯಿತು, ಎಲ್ಲರೂ ಕೇಳಿಯಾಯಿತು, ಇನ್ನು ಅವಳೂ ನಿಶ್ಚಿಂತೆಯಿಂದ ಕೂರುತ್ತಾಳೆ ಎಂದುಕೊಂಡ. ದೂರದಲ್ಲಿ ತಿರುವು ಕಾಣಿಸಿತು.

ಹಿಂದೆ ಝಲ್ ಎಂದಿತು.

ಅವನು ತಿರುಗಿ ನೋಡಲಿಲ್ಲ. ಎಕ್ಸಲೇಟರ್ ಬಿಟ್ಟ. ಒಂದು ಗೇರ್ ಇಳಿಸಿದ. ಕಾದ. ಮತ್ತೊಂದು ಇಳಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿ ಪಕ್ಕದಲ್ಲಿದ್ದ ಚೊಂಬಿನಿಂದ ನೀರು ಕುಡಿದರು. ಗುರುಮಲ್ಲಪ್ಪ ಮುಂದಿನದಕ್ಕಾಗಿ ಕಾದ. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ. ಅವನಿಗೆ ಚಡಪಡಿಕೆ ಶುರುವಾಯಿತು. ಬಳೆಗಾರನ ಬಗ್ಗೆ ಮರುಕ ಬಂತು, ಆ ಹೆಂಗಸಿನ ಮೇಲೆ ಸ್ವಲ್ಪ ಸಿಟ್ಟೂ ಬಂತು. ತನ್ನ ಮನೆ, ತನ್ನ ಮಗನ ಮುಖ ಎಲ್ಲ ಒಟ್ಟಿಗೆ ನೆನಪಾದವು.

"ಇದೇನು ಬುದ್ಧೀ!" ಎಂದ, ನೆಲಕ್ಕೆ ಕೈ ಬಡಿದು. "ಅಷ್ಟೆಲ್ಲ ಕಲಿತ. ಊರ ಮುಂದೆ ತಪ್ಪು ಒಪ್ಪಿಕೊಂಡ. ಇನ್ನೂ ಅವಳು ಕಂಬಿ ಹಿಡಿಯುವುದೆಂದರೇನು? ಆ ಬಳೆ ಸದ್ದು ನಿಲ್ಲುವುದಾದರೂ ಎಂದಿಗೆ?"

ಮಾತು ಮುಗಿದ ಕೂಡಲೇ ಎಂದಿನಂತೆ ಅವನ ಕೋಪ ಇಳಿಯಿತು. ಮುಖದಲ್ಲಿ ನಗು ತಂದುಕೊಂಡ. "ತಪ್ಪು ತಿಳಿಯಬೇಡಿ ಬುದ್ಧಿ. ಬಾಯಿತಪ್ಪಿ ಜೋರಾಯಿತು" ಎಂದು ಮೆಲ್ಲಗೆ ಹೇಳಿದ.

ಗುರುಗಳು ನಗಲಿಲ್ಲ. ಚೊಂಬನ್ನು ಕೆಳಗಿಟ್ಟು, ಅವನ ಕಡೆಗೆ ಸ್ವಲ್ಪ ಬಾಗಿ ಕೇಳಿದರು:

"ಅವಳದು ಇರಲಿ ಗುರುಮಲ್ಲಪ್ಪ, ನೀನು ಈಗ ದನಿ ಎತ್ತಿದಾಗ ನಿನ್ನ ಹಿಂದೆ ಆ ಕಂಬದ ಹತ್ತಿರ ಝಲ್ ಎಂದಿತಲ್ಲ, ಕೇಳಿಸಿತೇ?"

ಗುರುಮಲ್ಲಪ್ಪ ತಿರುಗಿ ನೋಡಿದ. ದಾಕ್ಷಾಯಿಣಿಯ ಬಳೆ ತೊಟ್ಟ ಕೈ ಕಂಬವನ್ನು ಬಿಗಿಯಾಗಿ ಹಿಡಿದಿತ್ತು.